ಎನ್‌ಎಂಎಂಎಸ್, ಎಸ್‌ಎಸ್‌ಎಲ್‌ಸಿ ತಯಾರಿಗೆ ತರಗತಿಯಲ್ಲಿ ಆಟ: ಅಂಕ ನಿಜಕ್ಕೂ ಬರುತ್ತಾ?

ಗಣಿತ_ಮೇಡಂ_ತುಮಕೂರು
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. 8ನೇ ತರಗತಿಯ ಎನ್‌ಎಂಎಂಎಸ್ (ವಿದ್ಯಾರ್ಥಿವೇತನ ಪರೀಕ್ಷೆ) ತಯಾರಿ, 10ನೇ ತರಗತಿಯ ಸಂಜೆ ವಿಶೇಷ ತರಗತಿ ಎರಡೂ ನನ್ನ ಪಾಲಿಗೆ ಬಂದಿವೆ. ಈ ವರ್ಷ ಎರಡರಲ್ಲೂ ಆಟ ಆಡಿಸುತ್ತಿದ್ದೇನೆ. ಹೌಸಿ, ಚೌಕಾಬಾರ, ಎರಡು ಗುಂಪು ಮಾಡಿ ರಸಪ್ರಶ್ನೆ, ಇಂಥವು. ಸಂಜೆ ಹೊತ್ತು ಮಕ್ಕಳು ಹಸಿದಿರುತ್ತಾರೆ, ಅರ್ಧ ಜನಕ್ಕೆ ಬಸ್ಸಿನ ಚಿಂತೆ. ಆಗ ಮತ್ತೆ ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತೋರಿಸಿದರೆ ಯಾರ ತಲೆಗೂ ಹೋಗುವುದಿಲ್ಲ. ಆಟ ಅಂದರೆ ಎದ್ದು ಕೂರುತ್ತಾರೆ.

ಈಗ ಎರಡು ಸಮಸ್ಯೆ. ಒಂದು, ಪಕ್ಕದ ತರಗತಿಯವರಿಗೆ ಗಲಾಟೆ ಆಗುತ್ತದೆ ಅಂತ ದೂರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ)ಯವರೊಬ್ಬರು ಬಂದು "ಪರೀಕ್ಷೆ ಹತ್ತಿರ ಬಂತು, ಇನ್ನೂ ಆಟವಾ ಮೇಡಂ" ಅಂತ ಕೇಳಿದರು. ಎರಡನೆಯದು ನನ್ನನ್ನು ಜಾಸ್ತಿ ಕಾಡುತ್ತಿದೆ. ಆಟದಲ್ಲಿ ಪಟಪಟ ಅಂತ ಉತ್ತರ ಹೇಳುವ ಮಕ್ಕಳು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅದೇ ಲೆಕ್ಕವನ್ನು ಅರ್ಧಕ್ಕೆ ಬಿಟ್ಟಿದ್ದಾರೆ. ಯಾವ ಆಟದಿಂದ ಪರೀಕ್ಷೆಗೆ ಉಪಯೋಗ ಆಗುತ್ತದೆ, ಯಾವುದು ಸುಮ್ನೆ ಹೊತ್ತು ಕಳೆಯುವುದು? ಆಡಿಸಿ ನೋಡಿದವರು ಹೇಳಿ.

ಹಾಸನ_ವಿಜ್ಞಾನ
ಬಿಡಬೇಡಿ ಮೇಡಂ. ಆಡಿಸಿ. ಗಲಾಟೆಗೆ ಪರಿಹಾರ ಇದೆ, ಮಲಗಿದ ಮಕ್ಕಳಿಗೆ ಪರಿಹಾರ ಇಲ್ಲ.

ನಿವೃತ್ತ_ಮುಖ್ಯಶಿಕ್ಷಕ
ನನ್ನ ಅಭಿಪ್ರಾಯ ಬೇರೆ. ಎಸ್‌ಎಸ್‌ಎಲ್‌ಸಿ ಗಣಿತ ಪ್ರಶ್ನೆಪತ್ರಿಕೆಯನ್ನು ಒಮ್ಮೆ ಎದುರಿಗೆ ಇಟ್ಟುಕೊಂಡು ನೋಡಿ. 38 ಪ್ರಶ್ನೆ, 80 ಅಂಕ. ಅದರಲ್ಲಿ ಬಹು ಆಯ್ಕೆಯವು 8, ಒಂದು ಅಂಕದವು 8. ಅಂದರೆ ನಿಮ್ಮ ರಸಪ್ರಶ್ನೆ, ಹೌಸಿ ಎಲ್ಲ ಸೇರಿ ಮುಟ್ಟುವುದು 16 ಅಂಕವನ್ನು. ಉಳಿದ 64 ಅಂಕ ಹಂತ ಹಂತವಾಗಿ ಬರೆಯುವವರಿಗೆ ಸಿಗುವುದು. ಓದುವ 15 ನಿಮಿಷ ಸೇರಿ 3 ಗಂಟೆ 15 ನಿಮಿಷ ಒಂದೇ ಕಡೆ ಕೂತು ಬರೆಯಬೇಕು. ಆ ಅಭ್ಯಾಸ ಆಟದಿಂದ ಬರುವುದಿಲ್ಲ. ಬರೆಸಿ, ತಿದ್ದಿ, ಮತ್ತೆ ಬರೆಸಿ. ನಮ್ಮ ಕಾಲದಲ್ಲಿ ಹಾಗೇ ಫಲಿತಾಂಶ ತಂದಿದ್ದೇವೆ.

ಗಣಿತ_ಮೇಡಂ_ತುಮಕೂರು
ಸರ್, 16 ಮತ್ತು 64ರ ಲೆಕ್ಕ ಒಪ್ಪುತ್ತೇನೆ. ಆದರೆ ನನ್ನ ತರಗತಿಯಲ್ಲಿ ಕೆಲವರು ಪೆನ್ನು ಹಿಡಿಯುವುದೇ ಇಲ್ಲ. ಬರೆಯಿರಿ ಅಂದರೆ ಪಕ್ಕದವರದನ್ನು ನೋಡಿ ಇಳಿಸುತ್ತಾರೆ. ಅವರನ್ನು ಬರೆಯುವ ತನಕ ಕರೆದುಕೊಂಡು ಬರುವುದು ಹೇಗೆ ಅನ್ನುವುದೇ ನನ್ನ ಪ್ರಶ್ನೆ.

ಬೀದರ_ಲೆಕ್ಕದ_ಸರ್
ಮೇಡಂ, ಎನ್‌ಎಂಎಂಎಸ್ ಬೇರೆ, ಎಸ್‌ಎಸ್‌ಎಲ್‌ಸಿ ಬೇರೆ. ಎರಡಕ್ಕೂ ಒಂದೇ ಆಟ ಆಡಿಸಿದರೆ ಹೀಗೇ ಆಗುತ್ತದೆ.

ಎನ್‌ಎಂಎಂಎಸ್‌ನಲ್ಲಿ ಎರಡು ಪತ್ರಿಕೆ. ಮಾನಸಿಕ ಸಾಮರ್ಥ್ಯ 90 ಪ್ರಶ್ನೆ, ವಿಷಯಗಳ ಪತ್ರಿಕೆ 90 ಪ್ರಶ್ನೆ. ಒಂದೊಂದಕ್ಕೆ 90 ನಿಮಿಷ. ಎಲ್ಲ ಬಹು ಆಯ್ಕೆ, ಒಎಂಆರ್ ಹಾಳೆಯಲ್ಲಿ ಉತ್ತರದ ವೃತ್ತ ತುಂಬುವುದು. ಪ್ರಶ್ನೆಗೆ ಒಂದೇ ನಿಮಿಷ ಇರುವಾಗ ವೇಗ ಬೇಕೇ ಬೇಕು. ಅಲ್ಲಿ ರಸಪ್ರಶ್ನೆ, ಹೌಸಿ ಸರಿಯಾಗಿ ಹೊಂದುತ್ತವೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು ಅನ್ನುವುದನ್ನೂ ಆಟದಲ್ಲೇ ರೂಢಿ ಮಾಡಿಸಬಹುದು. ಗೊತ್ತಿಲ್ಲದ ಪ್ರಶ್ನೆಯನ್ನು ಗುರುತು ಹಾಕಿ ದಾಟಿ ಹೋಗಿ, ಕೊನೆಗೆ ವಾಪಸ್ ಬಂದು ತುಂಬಿದ ಗುಂಪಿಗೆ ಒಂದು ಪಾಯಿಂಟ್ ಜಾಸ್ತಿ ಕೊಡಿ.

ಚೌಕಾಬಾರದ ಬಗ್ಗೆ ನನಗೆ ತಕರಾರಿದೆ. ನಾನೂ ಆಡಿಸಿ, ಕೂತು ಎಣಿಸಿದ್ದೇನೆ. ಕವಡೆ ಹಾಕುವುದು, ಕಾಯಿ ನಡೆಸುವುದು, ಕಾಯಿ ಹೊಡೆದಾಗ ಜಗಳ. 40 ನಿಮಿಷದ ಪಿರಿಯಡ್‌ನಲ್ಲಿ ಒಬ್ಬ ಹುಡುಗನಿಗೆ ನಾಲ್ಕೈದು ಪ್ರಶ್ನೆ ಸಿಕ್ಕರೆ ಹೆಚ್ಚು. ಅದೇ ಹೊತ್ತಿನಲ್ಲಿ ವರ್ಗ ಸಂಖ್ಯೆಗಳ ಹೌಸಿ ಆಡಿಸಿದರೆ ಪ್ರತಿಯೊಬ್ಬರೂ ಇಪ್ಪತ್ತಕ್ಕಿಂತ ಜಾಸ್ತಿ ಲೆಕ್ಕ ಮಾಡುತ್ತಾರೆ. ಯಾವ ಆಟವಾದರೂ ಸರಿ, ಒಂದು ಪಿರಿಯಡ್‌ನಲ್ಲಿ ಪ್ರತಿ ಮಗು ಎಷ್ಟು ಸಲ ಯೋಚಿಸಿತು ಅಂತ ಎಣಿಸಿ. ಆಟ ಇಟ್ಟುಕೊಳ್ಳಬೇಕೋ ಬಿಡಬೇಕೋ ಅಲ್ಲೇ ತಿಳಿಯುತ್ತದೆ.

ಮಂಡ್ಯ_ಹುಡುಗಿ_ಬಿಎಡ್
ಸರ್, ಆ ವರ್ಗ ಸಂಖ್ಯೆ ಹೌಸಿ ಹೇಗೆ ಆಡಿಸುತ್ತೀರಿ, ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್. ನನಗೆ ಮುಂದಿನ ವಾರ ಅಭ್ಯಾಸ ಪಾಠ ಇದೆ.

ಬೀದರ_ಲೆಕ್ಕದ_ಸರ್
ಸುಲಭ ತಂಗಿ. 1ರಿಂದ 30ರ ತನಕದ ವರ್ಗಗಳಲ್ಲಿ ತಮಗೆ ಬೇಕಾದ 15ನ್ನು ಮಕ್ಕಳೇ ಆರಿಸಿ ಮೂರು ಸಾಲಿನ ಚೌಕಗಳಲ್ಲಿ ಬರೆದುಕೊಳ್ಳಲಿ. ನಾನು "17ರ ವರ್ಗ" ಅಂತ ಕೂಗುತ್ತೇನೆ. 289 ಇದ್ದವರು ಹೊಡೆದು ಹಾಕುತ್ತಾರೆ. ಉತ್ತರವನ್ನು ಯಾರೂ ಬಾಯಿಬಿಟ್ಟು ಹೇಳಬಾರದು, ಅದೇ ಮುಖ್ಯ ನಿಯಮ. ನಾನೂ ಹೇಳುವುದಿಲ್ಲ. ಸಾಲು ಮುಗಿಸಿದವರು ಎದ್ದು ನಿಂತು, ಪ್ರತಿ ಸಂಖ್ಯೆ ಯಾವುದರ ವರ್ಗ ಅಂತ ಹೇಳಬೇಕು. ಒಂದು ತಪ್ಪಿದರೂ ಸಾಲು ರದ್ದು, ಆಟ ಮುಂದುವರಿಯುತ್ತದೆ. ಗಲಾಟೆಯೂ ಇಲ್ಲ. ವಿಜ್ಞಾನದವರು ಇದನ್ನೇ ಪರಮಾಣು ಸಂಖ್ಯೆಗೆ ಮಾಡಬಹುದು. "ಸೋಡಿಯಂ" ಅಂದರೆ 11 ಹೊಡೆಯುವುದು.

ಮಂಡ್ಯ_ಹುಡುಗಿ_ಬಿಎಡ್
ತುಂಬಾ ಥ್ಯಾಂಕ್ಸ್ ಸರ್!

8ನೇ_ಕ್ಲಾಸ್_ಅಮ್ಮ
ನಾನು ಟೀಚರ್ ಅಲ್ಲ, ತಾಯಿ. ಮಗಳು ಸರ್ಕಾರಿ ಶಾಲೆಯಲ್ಲಿ 8ನೇ ತರಗತಿ. ಈ ಎನ್‌ಎಂಎಂಎಸ್‌ನಲ್ಲಿ ಪಾಸಾದರೆ ಎಲ್ಲರಿಗೂ ಹಣ ಬರುತ್ತದಾ? ಶಾಲೆಯಲ್ಲಿ ಹೇಳಿದ್ದು ಪೂರ್ತಿ ಅರ್ಥ ಆಗಲಿಲ್ಲ.

ಹಾಸನ_ವಿಜ್ಞಾನ
ಅಮ್ಮಾ, ಪಾಸಾದವರಲ್ಲಿ ಮೀಸಲಾತಿ ಪ್ರಕಾರ ಮೆರಿಟ್ ಪಟ್ಟಿ ಮಾಡಿ, ಅದರಲ್ಲಿ ಬಂದವರಿಗೆ ಮಾತ್ರ ಕೊಡುತ್ತಾರೆ. ವರ್ಷಕ್ಕೆ 12,000 ರೂಪಾಯಿ, 9ರಿಂದ 12ನೇ ತರಗತಿ ತನಕ ನಾಲ್ಕು ವರ್ಷ. ಹಣ ನೇರವಾಗಿ ಮಗುವಿನ ಬ್ಯಾಂಕ್ ಖಾತೆಗೆ ಬೀಳುತ್ತದೆ. ಅಪ್ಪ ಅಮ್ಮನ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ದಾಟಿರಬಾರದು. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ನವೋದಯ, ಕೇಂದ್ರೀಯ ವಿದ್ಯಾಲಯ, ಖಾಸಗಿ ಶಾಲೆಯವರಿಗೆ ಇಲ್ಲ. ಆದಾಯ ಪ್ರಮಾಣಪತ್ರ, ಬೇಕಿದ್ದರೆ ಜಾತಿ ಪ್ರಮಾಣಪತ್ರ, ಇವನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಆಧಾರ್‌ನಲ್ಲಿ ಮತ್ತು ಶಾಲೆಯ ದಾಖಲೆಯಲ್ಲಿ ಹೆಸರು ಒಂದೇ ರೀತಿ ಇದೆಯಾ ನೋಡಿಕೊಳ್ಳಿ. ಎಷ್ಟೋ ಮಕ್ಕಳಿಗೆ ಅಲ್ಲೇ ತೊಡಕಾಗುವುದು.

8ನೇ_ಕ್ಲಾಸ್_ಅಮ್ಮ
ತುಂಬಾ ಉಪಕಾರ ಆಯ್ತು ಸರ್. ಇನ್ನೊಂದು ಮಾತು ಹೇಳಲಾ? ನನ್ನ ಮಗಳಿಗೆ ಉತ್ತರ ಗೊತ್ತಿರುತ್ತದೆ, ಆದರೆ ಕೂಗುವುದಿಲ್ಲ. ಆಟ ಆಡಿಸಿದ ದಿನ ಮನೆಗೆ ಬಂದು "ಮುಂದಿನ ಬೆಂಚಿನವರೇ ಎಲ್ಲ ಹೇಳಿಬಿಡ್ತಾರಮ್ಮ, ನಾನು ಸುಮ್ನೆ ಕೂತಿದ್ದೆ" ಅನ್ನುತ್ತಾಳೆ. ಅಂಥ ಮಕ್ಕಳನ್ನೂ ನೋಡಿ ಆಡಿಸಿ.

ಕೊಪ್ಪಳ_ಇಂಗ್ಲಿಷ್_ಟೀಚರ್
ಈ ತಾಯಿ ಹೇಳಿದ್ದನ್ನು ಎಲ್ಲ ಶಿಕ್ಷಕರೂ ಎರಡು ಸಲ ಓದಬೇಕು. "ಯಾರು ಹೇಳ್ತೀರಿ?" ಅಂತ ಕೇಳುವ ರಸಪ್ರಶ್ನೆಯಲ್ಲಿ ಆಡುವುದು ಐದಾರು ಮಕ್ಕಳು. ಉಳಿದವರು ನೋಡುವವರು. ಅದರಲ್ಲೂ ಹೆಣ್ಣುಮಕ್ಕಳು, ಬೇರೆ ಊರಿಂದ ಬಂದು ಸೇರಿದವರು, ತೊದಲುವವರು ಬಾಯಿಯೇ ಬಿಡುವುದಿಲ್ಲ. ನಾವು ಮಾತ್ರ ತರಗತಿ ಎಷ್ಟು ಚುರುಕಾಗಿದೆ ಅಂತ ಖುಷಿಪಡುತ್ತೇವೆ.

ನಾನು ಮಾಡುವುದು ಇಷ್ಟು. ಎಲ್ಲರ ಕೈಯಲ್ಲೂ ಸ್ಲೇಟು. ಪ್ರಾಥಮಿಕ ಶಾಲೆಯಲ್ಲಿ ಹಳೆಯವು ಇರುತ್ತವೆ, ಕೇಳಿದರೆ ಕೊಡುತ್ತಾರೆ. ಪ್ರಶ್ನೆ ಹೇಳಿ ಮನಸ್ಸಲ್ಲೇ ಹತ್ತು ಎಣಿಸುತ್ತೇನೆ. ಆಮೇಲೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಒಂದು ನೋಟಕ್ಕೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಕಾಣುತ್ತದೆ. ಕೂಗುವವರಿಗೂ ಕೂಗದವರಿಗೂ ಒಂದೇ ಅವಕಾಶ. ಬಾಯಲ್ಲಿ ಹೇಳಿಸಬೇಕಿದ್ದರೆ ಐಸ್‌ಕ್ರೀಂ ಕಡ್ಡಿಗಳ ಮೇಲೆ ಹಾಜರಿ ಸಂಖ್ಯೆ ಬರೆದು ಡಬ್ಬದಿಂದ ಎತ್ತುತ್ತೇನೆ.

ಗಣಿತ_ಮೇಡಂ_ತುಮಕೂರು
ಸ್ಲೇಟು! ಇದು ನಾಳೆಯೇ ಆಗುವ ಕೆಲಸ. ನಮ್ಮ ಪಕ್ಕದಲ್ಲೇ ಹಿರಿಯ ಪ್ರಾಥಮಿಕ ಶಾಲೆ ಇದೆ.

ಸಾಗರ_ಟೆಕ್_ಮೇಷ್ಟ್ರು
ಸ್ಲೇಟಿನ ಬದಲು ಪ್ಲಿಕರ್ಸ್ ಅನ್ನುವ ಆ್ಯಪ್ ನೋಡಿ. ಮಕ್ಕಳಿಗೆ ಫೋನ್ ಬೇಡ. ಪ್ರತಿ ಮಗುವಿಗೆ ಒಂದು ಪ್ರಿಂಟ್ ಮಾಡಿದ ಕಾರ್ಡ್, ಅದನ್ನು ತಿರುಗಿಸಿ ಹಿಡಿದಂತೆ ಎ, ಬಿ, ಸಿ, ಡಿ ಆಗುತ್ತದೆ. ಶಿಕ್ಷಕರು ಒಂದು ಫೋನ್‌ನಿಂದ ಇಡೀ ತರಗತಿಯನ್ನು ಸ್ಕ್ಯಾನ್ ಮಾಡಿದರೆ ಯಾರು ಯಾವ ಉತ್ತರ ಕೊಟ್ಟರು ಅಂತ ದಾಖಲಾಗುತ್ತದೆ. ಕಹೂಟ್‌ ಅನ್ನುವ ಆನ್‌ಲೈನ್ ರಸಪ್ರಶ್ನೆಗೆ ಆದರೆ ಮಕ್ಕಳ ಕೈಯಲ್ಲೂ ಸಾಧನ ಬೇಕು, ನೆಟ್ ಬೇಕು. ಅದು ನಮ್ಮಂಥ ಶಾಲೆಗಳಿಗೆ ಅಲ್ಲ. ಎನ್‌ಎಂಎಂಎಸ್‌ಗೆ ಪ್ಲಿಕರ್ಸ್ ಚೆನ್ನಾಗಿ ಒಗ್ಗುತ್ತದೆ.

ಕೊಪ್ಪಳ_ಇಂಗ್ಲಿಷ್_ಟೀಚರ್
ನಮ್ಮಲ್ಲಿ ನೆಟ್‌ವರ್ಕ್ ಹಿಡಿಯಲು ನೀರಿನ ಟ್ಯಾಂಕ್ ಹತ್ತಿರ ಹೋಗಬೇಕು ಸರ್. ಸ್ಲೇಟೇ ಇರಲಿ.

2021_ಬ್ಯಾಚ್
ನಾನು ಕೊರೊನಾ ಬ್ಯಾಚ್. ನಮಗೆ ಎಸ್‌ಎಸ್‌ಎಲ್‌ಸಿ ಪೂರ್ತಿ ಬಹು ಆಯ್ಕೆಯಲ್ಲೇ ಆಯಿತು. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ ಒಟ್ಟಿಗೆ. ಜುಲೈ 22ಕ್ಕೆ ಮೂರು ಭಾಷೆ. ಒಂದೊಂದು ವಿಷಯಕ್ಕೆ 40 ಪ್ರಶ್ನೆ, ಒಎಂಆರ್. ನಮ್ಮ ಸರ್ ವಾಟ್ಸ್‌ಆಪ್ ಗುಂಪಿನಲ್ಲಿ ದಿನಾ ರಾತ್ರಿ 8ಕ್ಕೆ ಹತ್ತು ಪ್ರಶ್ನೆ ಹಾಕಿ ಓಟದ ಥರ ಆಡಿಸುತ್ತಿದ್ದರು. ಅದು ನಿಜಕ್ಕೂ ಉಪಯೋಗ ಆಯಿತು, ನಾನು ಓದಿದ್ದೇ ಆ ಆಟದ ಆಸೆಗೆ. ಆದರೆ ಪಿಯುಸಿಗೆ ಹೋದ ಮೇಲೆ ಐದು ಅಂಕದ ಉತ್ತರ ಬರೆಯಲು ನಾವೆಲ್ಲ ಒದ್ದಾಡಿದೆವು. ಹಾಗಾಗಿ ಇಲ್ಲಿ ನಿವೃತ್ತ ಸರ್ ಹೇಳಿದ್ದೂ ಸರಿ ಇದೆ.

ನಿವೃತ್ತ_ಮುಖ್ಯಶಿಕ್ಷಕ
ನೋಡಿ, ಅನುಭವಿಸಿದ ಹುಡುಗರೇ ಹೇಳುತ್ತಿದ್ದಾರೆ. ಇನ್ನೊಂದು ವಿಷಯ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ (ನೇರ ದೃಶ್ಯ ನೋಡಿ ನಿಗಾ ಇಡುವುದು) ಶುರುವಾಯಿತು. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ 2024ರಲ್ಲಿ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಈಗ ಮಗು ತನ್ನ ತಲೆಯಿಂದಲೇ ಬರೆಯಬೇಕು. ಹೊರಗಿನ ಸಹಾಯ ಇಲ್ಲ. ಇಂಥ ಹೊತ್ತಿನಲ್ಲಿ ಶಿಕ್ಷಕರು ಪ್ರತಿ ಪಿರಿಯಡ್ಡನ್ನೂ ಲೆಕ್ಕ ಇಟ್ಟು ಬಳಸಬೇಕು.

ಬೀದರ_ಲೆಕ್ಕದ_ಸರ್
ಸರ್, ನೀವು ಹೇಳಿದ ಅದೇ ಕಾರಣಕ್ಕೆ ಆಟ ಬೇಕು ಅನ್ನುತ್ತೇನೆ. ತಲೆಯಿಂದ ಬರೆಯಬೇಕಾದರೆ ತಲೆಯಿಂದ ತೆಗೆಯುವ ಅಭ್ಯಾಸ ಆಗಿರಬೇಕಲ್ವಾ? ಪಾಸಿಂಗ್ ಪ್ಯಾಕೇಜ್ ಅಂತ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರದ ಹಾಳೆ ಕೊಟ್ಟು ಹತ್ತು ಸಲ ನೋಡಿ ಬರೆಸುತ್ತಾರೆ. ನೋಡಿ ಬರೆಯುವಾಗ ಮಗು ಏನನ್ನೂ ನೆನಪಿಸಿಕೊಳ್ಳುವುದಿಲ್ಲ. ಬರೀ ಕೈ ಓಡುತ್ತದೆ.

ಧಾರವಾಡ_ಮನಶ್ಶಾಸ್ತ್ರ
ಬೀದರ ಸರ್ ಹೇಳಿದ್ದಕ್ಕೆ ಒಳ್ಳೆಯ ಆಧಾರ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಎಲ್ಲರಿಗೂ ಓದಲು ಒಂದು ಬರಹ ಕೊಟ್ಟರು. ಒಂದು ಕಡೆ ಅದನ್ನೇ ಮತ್ತೆ ಓದಿಸಿದರು. ಇನ್ನೊಂದು ಕಡೆ ಬರಹ ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಸಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದೆ. ಪರೀಕ್ಷೆ ಬರುವುದು ಐದು ನಿಮಿಷದ ನಂತರ ಅಲ್ಲ, ತಿಂಗಳುಗಳ ನಂತರ. ಹಾಗಾಗಿ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವ ಯಾವ ಆಟವಾದರೂ ಒಳ್ಳೆಯದೇ.

ಒಂದು ಷರತ್ತು. ಅದೇ ಪ್ರಶ್ನೆ ಮೂರು ದಿನ ಬಿಟ್ಟು, ಆಮೇಲೆ ಹತ್ತು ದಿನ ಬಿಟ್ಟು ಮತ್ತೆ ಬರಬೇಕು. ಇವತ್ತು ಪಾಠ, ಇವತ್ತೇ ರಸಪ್ರಶ್ನೆ, ಮತ್ತೆಂದೂ ಕೇಳುವುದೇ ಇಲ್ಲ ಅಂದರೆ ಮರೆತೇ ಹೋಗುತ್ತದೆ.

ಚಿತ್ರದುರ್ಗ_ಆಟಗಾರ
ನನ್ನ ಸಲಹೆ: ಮಾನಸಿಕ ಸಾಮರ್ಥ್ಯದ ಪತ್ರಿಕೆಗೆ ಹುಲಿ ಕುರಿ ಆಟ ಆಡಿಸಿ. ಮುಂದಿನ ನಾಲ್ಕು ನಡೆ ಯೋಚಿಸುವುದು ಬರುತ್ತದೆ. ನಮ್ಮ ಹಿರಿಯರು ಕಲ್ಲಿನ ಮೇಲೆ ಕೆತ್ತಿಟ್ಟು ಆಡಿದ ಆಟ. ದೇವಸ್ಥಾನಗಳ ಕಟ್ಟೆ ಮೇಲೆ ಈಗಲೂ ಆ ಗೆರೆಗಳಿವೆ. ಚೆಸ್‌ಗಿಂತ ಏನೂ ಕಡಿಮೆ ಇಲ್ಲ.

ಧಾರವಾಡ_ಮನಶ್ಶಾಸ್ತ್ರ
ಆಟ ಚಂದ ಐತ್ರಿ, ಉಳಿಯಬೇಕು. ಆದರೆ ಪರೀಕ್ಷೆ ತಯಾರಿ ಅಂತ ಆಡಿಸಬೇಡಿ. ಹುಲಿ ಕುರಿ ಚೆನ್ನಾಗಿ ಆಡಿದವರು ಹುಲಿ ಕುರಿಯಲ್ಲಿ ಮುಂದೆ ಬರುತ್ತಾರೆ. 2, 6, 12, 20, 30, ಮುಂದೆ ಏನು ಅಂತ ಕೇಳಿದರೆ ಅದರಿಂದ ಸಹಾಯ ಆಗುವುದಿಲ್ಲ. ಸರಣಿ ಬರಬೇಕಿದ್ದರೆ ಸರಣಿಯನ್ನೇ ಬಿಡಿಸಬೇಕು.

ಚಿತ್ರದುರ್ಗ_ಆಟಗಾರ
42. ಒಪ್ಪುವುದಿಲ್ಲ ಸರ್. ತಾಳ್ಮೆಯಿಂದ ಯೋಚಿಸುವ ಗುಣ ಎಲ್ಲಿಂದ ಬರುತ್ತದೆ ಮತ್ತೆ? ಮೊಬೈಲ್ ನೋಡುತ್ತಾ ಕೂತ ಹುಡುಗ ಒಂದು ಗಂಟೆ ಹಲಗೆ ಮುಂದೆ ಕೂರುತ್ತಾನೆ ಅಂದರೆ ಅದೇ ದೊಡ್ಡದು.

ಕರಾವಳಿ_ಸಮಾಜ_ಟೀಚರ್
ನಮ್ಮ ಕಡೆ ಮಳೆಗಾಲದ ಆಟಿ ತಿಂಗಳಲ್ಲಿ ಚೆನ್ನೆಮಣೆ ಆಟ. ಎರಡು ಸಾಲು, ಏಳೇಳು ಗುಳಿ. ಅಜ್ಜಿಯಂದಿರು ಎದುರಾಳಿಯ ಗುಳಿಯಲ್ಲಿ ಎಷ್ಟು ಕಾಯಿ ಇದೆ ಅಂತ ನೋಡಿದ ಕೂಡಲೇ ಹೇಳುತ್ತಾರೆ. ಆದರೆ ಧಾರವಾಡದವರು ಹೇಳಿದ ಹಾಗೆ ಅದನ್ನು ಮಳೆಗಾಲದ ಸಂಭ್ರಮಕ್ಕೆ ಇಡುವ. ಪರೀಕ್ಷೆಗೆ ಬೇರೆ ಇದೆ.

ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಇದೆಯಲ್ಲ, ಅದಕ್ಕೆ ನಾವು ಅಂಗಳದಲ್ಲಿ ಸುಣ್ಣದಿಂದ ದೊಡ್ಡ ನಕ್ಷೆ ಹಾಕುತ್ತೇವೆ. ಮಕ್ಕಳೇ ಹಾಕುವುದು, ನಾನು ಗುಜರಾತಿನ ಮೂಗು, ಈಶಾನ್ಯದ ಕುತ್ತಿಗೆ ಮಾತ್ರ ತಿದ್ದುತ್ತೇನೆ. ಆಮೇಲೆ ಚೀಟಿ ಎತ್ತಬೇಕು. "ಹಿರಾಕುಡ್" ಬಂದವರು ಮಹಾನದಿ ಮೇಲೆ ಹೋಗಿ ನಿಲ್ಲಬೇಕು. "ಕಾಂಡ್ಲಾ" ಬಂದವರು ಕಛ್‌ಗೆ ಓಡಬೇಕು. "ಭಾಕ್ರಾ ನಂಗಲ್" ಅಂದರೆ ಸಟ್ಲೆಜ್. ಕರ್ಕಾಟಕ ಸಂಕ್ರಾಂತಿ ವೃತ್ತ, 82½ ಡಿಗ್ರಿ ಪೂರ್ವ ರೇಖಾಂಶ ಎರಡಕ್ಕೂ ಹಗ್ಗ ಹಿಡಿಸುತ್ತೇವೆ. ತಪ್ಪು ಜಾಗದಲ್ಲಿ ನಿಂತವರನ್ನು ಪಕ್ಕದವರೇ ಎಳೆದು ಸರಿಮಾಡುತ್ತಾರೆ. ಆಟ ಮುಗಿದ ಕೂಡಲೇ ಒಳಗೆ ಬಂದು ಪುಸ್ತಕ ನೋಡದೆ ನಕ್ಷೆ ಬರೆದು ಅವೇ ಸ್ಥಳಗಳನ್ನು ಗುರುತಿಸಬೇಕು. ಈ ಕೊನೆಯ ಹತ್ತು ನಿಮಿಷ ಬಿಟ್ಟರೆ ಅಂಗಳದ ಓಟದಿಂದ ಅಂಕ ಬರುವುದಿಲ್ಲ. ನಕ್ಷೆ ಪ್ರಶ್ನೆಗೆ ಹೆದರಿ ಬಿಡುತ್ತಿದ್ದ ಮಕ್ಕಳು ಈಗ ಮೊದಲು ಅದನ್ನೇ ಬರೆಯುತ್ತಾರೆ.

ನಿವೃತ್ತ_ಮುಖ್ಯಶಿಕ್ಷಕ
ಇದು ಒಳ್ಳೆಯ ಕ್ರಮ. ಆಟದ ಕೊನೆಗೆ ಬರೆಸುತ್ತಾರೆ. ನಾನು ಕೇಳುತ್ತಿರುವುದೂ ಅದನ್ನೇ.

ಹಾಸನ_ವಿಜ್ಞಾನ
ವಿಜ್ಞಾನದಿಂದ ನನ್ನದೊಂದು. ರಾಸಾಯನಿಕ ಸಮೀಕರಣ ಸರಿದೂಗಿಸುವುದು. ಮಕ್ಕಳ ಎದೆ ಮೇಲೆ ಎಚ್, ಓ ಅಂತ ಚೀಟಿ. ಇಬ್ಬರು ಎಚ್ ಕೈ ಹಿಡಿದರೆ ಹೈಡ್ರೋಜನ್ ಅಣು, ಇಬ್ಬರು ಓ ಕೈ ಹಿಡಿದರೆ ಆಕ್ಸಿಜನ್ ಅಣು. ಈಗ ನೀರು ಮಾಡಿ ಅಂದಾಗ ಒಬ್ಬ ಓ ಹುಡುಗ ಒಂಟಿಯಾಗಿ ಉಳಿಯುತ್ತಾನೆ. "ಸರ್, ಇನ್ನೊಂದು ಹೈಡ್ರೋಜನ್ ಜೋಡಿ ಬೇಕು" ಅಂತ ಅವರೇ ಕೂಗುತ್ತಾರೆ. ಸಮೀಕರಣದಲ್ಲಿ 2 ಯಾಕೆ ಬರೆಯುತ್ತೇವೆ ಅಂತ ಆಮೇಲೆ ನಾನು ವಿವರಿಸುವುದೇ ಬೇಡ. ಎಚ್ಚರ ಇರಬೇಕಾದ್ದು ಒಂದೇ ಕಡೆ. ಮೂರು ನಾಲ್ಕು ಸಮೀಕರಣಕ್ಕೆ ಆಟ ಸಾಕು, ಅಷ್ಟರಲ್ಲಿ ತಿಳಿದಿರುತ್ತದೆ. ಉಳಿದವು ನೋಟ್‌ಬುಕ್‌ನಲ್ಲಿ.

ಶಿರಸಿ_ಕನ್ನಡ_ಮೇಷ್ಟ್ರು
ಎಲ್ಲರೂ ಗಣಿತ ವಿಜ್ಞಾನವನ್ನೇ ಮಾತಾಡುತ್ತಿದ್ದೀರಿ. ಪ್ರಥಮ ಭಾಷೆ ಕನ್ನಡಕ್ಕೆ ಆಂತರಿಕ ಅಂಕ ಸೇರಿ 125 ಅಂಕ, ಉಳಿದ ವಿಷಯಗಳಿಗಿಂತ ಜಾಸ್ತಿ. ಛಂದಸ್ಸಿನ ಪ್ರಸ್ತಾರ (ಲಘು ಗುರು ಗುರುತು) ಹಾಕುವುದಕ್ಕೆ ಹೆದರಿ ಮಕ್ಕಳು ಸುಲಭದ ಅಂಕ ಬಿಡುತ್ತಾರೆ. ನಾನು ಅದನ್ನು ಚಪ್ಪಾಳೆ ಆಟ ಮಾಡಿದ್ದೇನೆ. ಲಘುವಿಗೆ ಒಂದು ಚಪ್ಪಾಳೆ, ಗುರುವಿಗೆ ಚಪ್ಪಾಳೆ ತಟ್ಟಿ ಕೈ ಬೀಸಬೇಕು, ಎರಡು ಮಾತ್ರೆ. ಅರ್ಧ ತರಗತಿ ಪದ್ಯ ಓದುತ್ತದೆ, ಇನ್ನರ್ಧ ತಟ್ಟುತ್ತದೆ. ಭಾಮಿನಿ ಷಟ್ಪದಿಯಲ್ಲಿ 3, 4, 3, 4 ಅನ್ನುವ ನಡೆ ಕಿವಿಗೆ ಕೂತ ಮೇಲೆ ಗಣ ವಿಭಾಗ ತಾನಾಗಿ ಬರುತ್ತದೆ. ಮೂರನೇ ಮತ್ತು ಆರನೇ ಸಾಲಿನ ಕೊನೆಗೆ ಉಳಿಯುವ ಗುರುವಿಗೆ ಬೆಂಚು ಕುಟ್ಟುತ್ತಾರೆ.

ಮಕ್ಕಳು ಪದೇ ಪದೇ ತಪ್ಪುವ ಜಾಗ ಒತ್ತಕ್ಷರ. "ಕನ್ನಡ" ಅಂದರೆ ಒತ್ತಿರುವ "ನ್ನ" ಗುರು ಅಂದುಕೊಳ್ಳುತ್ತಾರೆ. ಗುರು ಆಗುವುದು ಅದರ ಹಿಂದಿನ "ಕ". ಇದನ್ನು ಬೋರ್ಡಿನಲ್ಲಿ ಎಷ್ಟು ಸಲ ಹೇಳಿದರೂ ಮರೆಯುತ್ತಾರೆ. ಬಾಯಲ್ಲಿ ಜೋರಾಗಿ ಉಚ್ಚರಿಸಿ ತಟ್ಟಿದಾಗ ಒತ್ತು ಎಲ್ಲಿ ಬೀಳುತ್ತದೆ ಅಂತ ಅವರಿಗೇ ಕೇಳಿಸುತ್ತದೆ.

ಕೊಪ್ಪಳ_ಇಂಗ್ಲಿಷ್_ಟೀಚರ್
ಮೇಷ್ಟ್ರೇ, ಇದನ್ನು ಒಂದು ವಿಡಿಯೊ ಮಾಡಿ ಹಾಕಿ. ನಮ್ಮ ಕನ್ನಡ ಮೇಡಂಗೆ ತೋರಿಸುತ್ತೇನೆ.

ಶಿರಸಿ_ಕನ್ನಡ_ಮೇಷ್ಟ್ರು
ಮಕ್ಕಳ ಮುಖ ಬಾರದ ಹಾಗೆ, ಬರೀ ಧ್ವನಿ ರೆಕಾರ್ಡ್ ಮಾಡಿ ಹಾಕುತ್ತೇನೆ.

ವಿಜಯಪುರ_ಗಣಿತ_ಅಕ್ಕ
ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಪಟಪಟ ಉತ್ತರ ಹೇಳಿದ ಮಕ್ಕಳು ಲೆಕ್ಕ ಅರ್ಧಕ್ಕೆ ಬಿಟ್ಟರು ಅಂದರಲ್ಲ, ಅದಕ್ಕೆ ನನ್ನ ಹತ್ತಿರ ಎರಡು ಆಟ ಇವೆ. ಎರಡರಲ್ಲೂ ಪೆನ್ನು ಹಿಡಿಯಲೇಬೇಕು.

ಮೊದಲನೆಯದು ಹಂತದ ರಿಲೇ. ನಾಲ್ಕು ಮಕ್ಕಳ ಗುಂಪಿಗೆ ಒಂದೇ ಹಾಳೆ, ಒಂದೇ ಲೆಕ್ಕ. ಮೊದಲನೆಯವಳು ಒಂದು ಹಂತ ಬರೆದು ಹಾಳೆ ದಾಟಿಸುತ್ತಾಳೆ. ಎರಡನೆಯವಳು ಹಿಂದಿನ ಹಂತವನ್ನು ನೋಡಿ, ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ, ತನ್ನ ಹಂತ ಬರೆಯಬೇಕು. ಮಾತು ಆಡುವಂತಿಲ್ಲ. ಮುಗಿದ ಮೇಲೆ ಪರೀಕ್ಷಾ ಮಂಡಳಿಯ ಮಾದರಿ ಉತ್ತರದಲ್ಲಿ ಹಂತಕ್ಕೆ ಅಂಕ ಹಂಚಿರುತ್ತಾರಲ್ಲ, ಅದೇ ರೀತಿ ಅಂಕ ಕೊಡುತ್ತೇನೆ. ಬೇಗ ಮುಗಿಸಿದ್ದಕ್ಕೆ ಏನೂ ಇಲ್ಲ. ಸೂತ್ರ ಬರೆದದ್ದಕ್ಕೆ ಅರ್ಧ ಅಂಕ, ಬೆಲೆ ಹಾಕಿದ್ದಕ್ಕೆ ಅರ್ಧ ಅಂಕ ಅಂತ ತಮ್ಮ ಕಣ್ಣಾರೆ ನೋಡಿದ ಮೇಲೆ, ಉತ್ತರ ಬಾರದ ಲೆಕ್ಕದಲ್ಲೂ ಸೂತ್ರ ಬರೆದು ಬರುವುದನ್ನು ಕಲಿಯುತ್ತಾರೆ. ನಿಧಾನ ಕಲಿಯುವ ಮಕ್ಕಳು ಪಾಸಾಗುವುದೇ ಈ ಅರ್ಧ ಅರ್ಧ ಅಂಕಗಳಿಂದ.

ಎರಡನೆಯದು ಪ್ರಮೇಯದ ಚೂರು. ಥೇಲ್ಸ್ ಪ್ರಮೇಯ, ಬಾಹ್ಯ ಬಿಂದುವಿನಿಂದ ಎಳೆದ ಸ್ಪರ್ಶಕಗಳು ಸಮ ಅನ್ನುವ ಪ್ರಮೇಯ, ಇಂಥವನ್ನು ಸಾಲು ಸಾಲಾಗಿ ಕತ್ತರಿಸಿ ಕಲಸಿ ಕೊಡುತ್ತೇನೆ. ದತ್ತ, ಸಾಧನೀಯ, ರಚನೆ, ಸಾಧನೆ ಕ್ರಮದಲ್ಲಿ ಜೋಡಿಸಬೇಕು. ಮೊದಲ ವಾರ ಎಲ್ಲ ಚೂರೂ ಇರುತ್ತವೆ. ಎರಡನೇ ವಾರ ಕಾರಣದ ಚೂರುಗಳನ್ನು ತೆಗೆದುಬಿಡುತ್ತೇನೆ, ಅವನ್ನು ಮಕ್ಕಳೇ ಬರೆಯಬೇಕು. ಮೂರನೇ ವಾರ ಚಿತ್ರ ಮಾತ್ರ, ಉಳಿದದ್ದೆಲ್ಲ ಅವರದು. ಸೈಕಲ್ ಕಲಿಸುವಾಗ ಹಿಂದಿನ ಕೈ ನಿಧಾನಕ್ಕೆ ಬಿಟ್ಟ ಹಾಗೆ. ಪ್ರಮೇಯವನ್ನು ಬಾಯಿಪಾಠ ಮಾಡಿದವರು ಚಿತ್ರದ ಅಕ್ಷರ ಬದಲಾದರೆ ನಿಂತುಬಿಡುತ್ತಾರೆ. ಜೋಡಿಸಿ ಕಲಿತವರು ನಿಲ್ಲುವುದಿಲ್ಲ.

ಗಣಿತ_ಮೇಡಂ_ತುಮಕೂರು
ಅಕ್ಕಾ, ರಿಲೇಯಲ್ಲಿ ಗುಂಪಿನ ಜಾಣ ಹುಡುಗನೇ ಎಲ್ಲರದನ್ನೂ ತಿದ್ದಿಬಿಟ್ಟರೆ?

ವಿಜಯಪುರ_ಗಣಿತ_ಅಕ್ಕ
ತಿದ್ದಲಿ, ಆದರೆ ತನ್ನ ಸರದಿಯಲ್ಲಿ ಮಾತ್ರ. ಆಮೇಲೆ ಅದೇ ಥರದ ಲೆಕ್ಕ, ಬರೀ ಸಂಖ್ಯೆ ಬೇರೆ, ಪ್ರತಿಯೊಬ್ಬರೂ ಒಂಟಿಯಾಗಿ ಬರೆಯಬೇಕು. ಗುಂಪಿನ ಅಂಕ ಅಂದರೆ ನಾಲ್ವರ ಮೊತ್ತ. ಆಗ ಜಾಣ ಹುಡುಗನೇ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಉಳಿದವರಿಗೆ ಹೇಳಿಕೊಡುತ್ತಾ ಕೂತಿರುತ್ತಾನೆ.

ರಾಮನಗರ_ಅಪ್ಪ
ಬಹುಮಾನಕ್ಕೆ ಚಾಕೊಲೇಟ್ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಗೆದ್ದ ಮಗು ತಿನ್ನುತ್ತದೆ, ಸೋತ ಮಕ್ಕಳು ನೋಡುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಶಿರಸಿ_ಕನ್ನಡ_ಮೇಷ್ಟ್ರು
ಚಂದನ ವಾಹಿನಿಯ ಥಟ್ ಅಂತ ಹೇಳಿ ನೋಡಿ, ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ಜನ ಅದಕ್ಕೇ ಖುಷಿಯಿಂದ ಬರುತ್ತಾರೆ. ನಮ್ಮಲ್ಲಿ ಗೆದ್ದ ಗುಂಪಿಗೆ ಮುಂದಿನ ಆಟದ ಪ್ರಶ್ನೆ ತಯಾರಿಸುವ ಹಕ್ಕು. ಖರ್ಚಿಲ್ಲ. ಪ್ರಶ್ನೆ ತಯಾರಿಸಲು ಪಾಠ ಓದಲೇಬೇಕು.

ರಾಮನಗರ_ಅಪ್ಪ
ಇದು ತುಂಬಾ ಇಷ್ಟ ಆಯಿತು ಮೇಷ್ಟ್ರೇ.

8ನೇ_ಕ್ಲಾಸ್_ಅಮ್ಮ
ದಿಕ್ಕು, ಕನ್ನಡಿ ಬಿಂಬ, ದಾಳ ಇಂಥ ಪ್ರಶ್ನೆಗಳಿಗೆ ಮನೆಯಲ್ಲಿ ಏನಾದರೂ ಮಾಡಬಹುದಾ? ನನಗೆ ಅಷ್ಟು ಓದು ಬರುವುದಿಲ್ಲ, ಆದರೆ ಜೊತೆಗೆ ಕೂರಬಲ್ಲೆ.

ಬೀದರ_ಲೆಕ್ಕದ_ಸರ್
ಧಾರಾಳವಾಗಿ ಮಾಡಬಹುದು ಅಮ್ಮಾ. ಮುಖ ನೋಡುವ ಕನ್ನಡಿಯನ್ನು ಅಕ್ಷರದ ಪಕ್ಕ ಹಿಡಿದು ತೋರಿಸಿ. ಮೊದಲು ಹೇಗೆ ಕಾಣುತ್ತದೆ ಅಂತ ಅವಳು ಬರೆಯಲಿ, ಆಮೇಲೆ ಕನ್ನಡಿ ಇಡಿ. ದಾಳಕ್ಕೆ ರಟ್ಟಿನಿಂದ ಒಂದು ಘನ ಮಾಡಿಸಿ, ಎದುರು ಬದುರು ಮುಖಗಳ ಚುಕ್ಕೆ ಕೂಡಿದರೆ 7 ಬರುವ ಹಾಗೆ. ದಿಕ್ಕಿಗೆ ಅಂಗಳದಲ್ಲಿ ನಡೆಸಿ. ಪೂರ್ವಕ್ಕೆ ಐದು ಹೆಜ್ಜೆ, ಬಲಕ್ಕೆ ತಿರುಗಿ ಮೂರು ಹೆಜ್ಜೆ, ಈಗ ಮುಖ ಯಾವ ಕಡೆ? ಸಂಬಂಧದ ಪ್ರಶ್ನೆಗಳಿಗೆ ನಿಮ್ಮ ಮನೆಯವರನ್ನೇ ತೆಗೆದುಕೊಳ್ಳಿ. "ನಿನ್ನ ಸೋದರಮಾವನ ಅಮ್ಮನ ಮಗಳು ನಿನಗೆ ಏನಾಗಬೇಕು?" ಅವ್ವ ಆಗಬಹುದು, ಚಿಕ್ಕಮ್ಮ ದೊಡ್ಡಮ್ಮ ಆಗಬಹುದು, ಎರಡನ್ನೂ ಹೇಳಲಿ. ಕೊನೆಗೆ ಒಂದೆರಡು ಪ್ರಶ್ನೆ ಕಾಗದದ ಮೇಲೆ ಮಾಡಿಸುವುದನ್ನು ಮರೆಯಬೇಡಿ.

8ನೇ_ಕ್ಲಾಸ್_ಅಮ್ಮ
ಸರಿ ಸರ್, ಇವತ್ತು ರಾತ್ರಿ ಕನ್ನಡಿಯಿಂದಲೇ ಶುರು ಮಾಡುತ್ತೇನೆ.

ನಿವೃತ್ತ_ಮುಖ್ಯಶಿಕ್ಷಕ
ಮೇಡಂ, ವಿಜಯಪುರದವರು ಹೇಳಿದ ರಿಲೇ ಮತ್ತು ಪ್ರಮೇಯದ ಚೂರು, ಇವೆರಡಕ್ಕೆ ನನ್ನ ಒಪ್ಪಿಗೆ ಇದೆ. ಆದರೂ ವಾರಕ್ಕೆ ಒಂದು ದಿನ ಪೂರ್ತಿ ಪ್ರಶ್ನೆಪತ್ರಿಕೆ, ಪೂರ್ತಿ ಸಮಯ, ಸದ್ದಿಲ್ಲದೆ ಬರೆಸಿ. ಅದರಲ್ಲಿ ಬಂದ ತಪ್ಪುಗಳಿಂದ ಮುಂದಿನ ವಾರದ ಆಟ ಮಾಡಿ. ಎಸ್‌ಡಿಎಂಸಿಯವರು ಕೇಳಿದರೆ ಆ ಉತ್ತರ ಪತ್ರಿಕೆಗಳನ್ನು ತೋರಿಸಿ, ಮಾತು ಬೇಡ.

ಗಣಿತ_ಮೇಡಂ_ತುಮಕೂರು
ಎಲ್ಲರಿಗೂ ಮನಸಾರೆ ವಂದನೆ. ಈ ವಾರದಿಂದ ಹೀಗೆ ಮಾಡುತ್ತೇನೆ. 8ನೇ ತರಗತಿಗೆ ಸ್ಲೇಟು ಮತ್ತು ಹೌಸಿ. ಶನಿವಾರ ಒಎಂಆರ್ ಹಾಳೆಯಲ್ಲಿ 45 ಪ್ರಶ್ನೆ, 45 ನಿಮಿಷ. 10ಕ್ಕೆ ಹಂತದ ರಿಲೇ ಮತ್ತು ಪ್ರಮೇಯದ ಚೂರು, ಸೋಮವಾರ ಪೂರ್ತಿ ಪತ್ರಿಕೆ. ಚೌಕಾಬಾರದ ಹಾಸು ಮಕ್ಕಳಿಗೇ ಕೊಟ್ಟುಬಿಡುತ್ತೇನೆ, ಊಟದ ಬಿಡುವಿನಲ್ಲಿ ಆಡಿಕೊಳ್ಳಲಿ. ವಿಜಯಪುರದ ಅಕ್ಕ, ಥೇಲ್ಸ್ ಪ್ರಮೇಯದ ಚೂರುಗಳ ಹಾಳೆ ಇದ್ದರೆ ಇಲ್ಲಿ ಹಾಕುತ್ತೀರಾ? ಒಎಂಆರ್ ಮಾದರಿ ಯಾರ ಹತ್ತಿರವಾದರೂ ಇದೆಯಾ?

ವಿಜಯಪುರ_ಗಣಿತ_ಅಕ್ಕ
ಹಾಕುತ್ತೇನೆ, ಸಂಜೆ ಶಾಲೆಯಿಂದ ಬಂದ ಮೇಲೆ. ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆಸಿ, ತೆಳು ಹಾಳೆ ಎರಡೇ ದಿನಕ್ಕೆ ಹರಿಯುತ್ತದೆ. ಪ್ರತಿ ಚೂರಿನ ಹಿಂದೆ ಗುಂಪಿನ ಸಂಖ್ಯೆ ಬರೆಯಿರಿ, ಇಲ್ಲದಿದ್ದರೆ ಎಲ್ಲ ಗುಂಪುಗಳ ಚೂರೂ ಕಲಸಿಹೋಗುತ್ತವೆ.

ಸಾಗರ_ಟೆಕ್_ಮೇಷ್ಟ್ರು
ಒಎಂಆರ್ ಮಾದರಿ ನನ್ನ ಹತ್ತಿರ ಇದೆ, 90 ಪ್ರಶ್ನೆಯದು. ಎ4 ಹಾಳೆಯಲ್ಲಿ ಎರಡೂ ಬದಿ ಬರುತ್ತದೆ. ಮಕ್ಕಳಿಗೆ ಪೆನ್ಸಿಲ್ ಕೊಡಬೇಡಿ, ಬಾಲ್ ಪೆನ್ನಿನಲ್ಲೇ ತುಂಬಿಸಿ. ತಿದ್ದಲು ಆಗುವುದಿಲ್ಲ ಅನ್ನುವುದು ಈಗಿನಿಂದಲೇ ರೂಢಿಯಾಗಲಿ.